‘ಕಾಮಣಿ’ ಅಂದರೆ ‘ಕಮ್ಮಿ’ ಅಲ್ಲ

ಬೆಳಗಿನ ಆರು ಗಂಟೆ. ಬೆಂಗಳೂರಿನ ಅಂಚಿನ ಮಾದನಾಯಕನಹಳ್ಳಿಯ ಸಣ್ಣ ಆಸ್ಪತ್ರೆಯೊಂದರ ಎರಡನೇ ಮಹಡಿಯಲ್ಲಿ ಆಯಾ ದೇವಕ್ಕ ರೋಗಿಯೊಬ್ಬರ ಮೂತ್ರದ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಒಂದು ಉಸಿರಿನಷ್ಟು ಹೊತ್ತು ನೋಡಿ, ಬಗ್ಗಿ ಖಾಲಿ ಮಾಡುತ್ತಾರೆ.

“ಏನ್ ದೇವಕ್ಕ, ಬಣ್ಣ ಪಾಸಾ, ಫೇಲಾ?” ನರ್ಸ್ ಸೌಮ್ಯಾ ಕೇಳುತ್ತಾರೆ.

“ಆರನೇ ಬೆಡ್ಡಿಂದು ಗಾಢ ಐತ್ರಿ ಸಿಸ್ಟರ್. ಮುದುಕ ನೀರು ಕುಡದಿಲ್ಲ, ಕುಡದೀನಿ ಅಂತ ಸುಳ್ಳು ಹೇಳ್ತಾನ.”

ಸೌಮ್ಯಾ ನಗುತ್ತಲೇ ಬರೆದುಕೊಳ್ಳುತ್ತಾರೆ. ಆಯಾ ಹೇಳಿದ್ದನ್ನು ನರ್ಸ್ ಬರೆದುಕೊಳ್ಳುವ ರೂಢಿ ಇಲ್ಲಿ ಮೊದಲು ಇರಲಿಲ್ಲ. 2021ರ ಮೇ ತಿಂಗಳಲ್ಲಿ ಸತ್ತ ಒಬ್ಬನಿಂದ ಅದು ಬಂತು.

ದೇವಕ್ಕ ಹುನಗುಂದದ ಕಡೆಯವರು, ವಯಸ್ಸು ಐವತ್ತೆರಡು. ಗಂಡನ ಜೊತೆ ಗಾರೆ ಕೆಲಸಕ್ಕೆ ಇಲ್ಲಿಗೆ ಬಂದು, ಅವರು ತೀರಿಕೊಂಡ ಮೇಲೆ ಆಯಾ ಆದರು. ಇಪ್ಪತ್ತೆರಡು ಹಾಸಿಗೆ, ಪಾಳಿಯಲ್ಲಿ ಒಬ್ಬರೇ. ಕೋವಿಡ್ ವಾರ್ಡಿನಲ್ಲಿ ಆಗ ಎಲ್ಲರ ಕಣ್ಣೂ ರೋಗಿಯ ಬೆರಳಿಗೆ ಸಿಕ್ಕಿಸಿದ ಆಮ್ಲಜನಕದ ಅಂಕಿಯ ಮೇಲೆ. ಆ ಸೋಂಕು ಯಕೃತ್ತನ್ನೂ ಮುಟ್ಟುತ್ತದೆ ಎಂದು ವೈದ್ಯರಿಗೆ ಗೊತ್ತಿತ್ತು. ನೋಡಲು ಪುರುಸೊತ್ತು ಇರಲಿಲ್ಲ.

ಕಟ್ಟಡದ ಸೆಂಟ್ರಿಂಗ್ ಕೆಲಸದ ಸಿದ್ರಾಮನೂ ಅವರದೇ ಸೀಮೆಯವನು. ಒಂದು ದಿನ ಅವನ ಬೆರಳಿನ ಅಂಕಿ ಏರಿತ್ತು, ಅದು ಒಳ್ಳೆಯ ಲಕ್ಷಣ. ಹೇಗಿದ್ದೀರಿ ಎಂದು ಸೌಮ್ಯಾ ಕೇಳಿದಾಗ ಮಾಸ್ಕಿನ ಒಳಗಿಂದಲೇ, “ಕಾಮಣಿ ಆಗೇತ್ರಿ” ಅಂದ. ಆ ಕಡೆ ಕಾಮಾಲೆಗೆ ಕಾಮಣಿ ಎನ್ನುತ್ತಾರೆ. ಬೆಂಗಳೂರಿನವರಾದ ಸೌಮ್ಯಾಗೆ ‘ಕಮ್ಮಿ ಆಗೇತ್ರಿ’ ಎಂದು ಕೇಳಿಸಿತು. ‘ಸುಧಾರಿಸಿದೆ’ ಎಂದು ಬರೆದರು.

ಮಂಚದ ಪಕ್ಕದಲ್ಲಿ ದೇವಕ್ಕ ಕೂತಿದ್ದರು. ಕೈಯಲ್ಲಿದ್ದ ಚೀಲದಲ್ಲಿ ಕರಿ ಚಹಾದ ಬಣ್ಣ.

“ನನಗ ಸರಿಯಾಗೇ ಕೇಳಿಸಿತ್ರಿ. ಸಿಸ್ಟರ್ ಬರದದ್ದು ಏನಂತ ಗೊತ್ತಿರಲಿಲ್ಲ. ಅವರಿಗೆ ತಿಳದಿರಬೇಕು, ಕಸಾ ಬಳಿಯಾಕಿ ನಾ ಏನ್ ಹೇಳೂದು ಅಂತ ಸುಮ್ನಾದೆ.”

ಎರಡು ದಿನ ಕಳೆದು ವೈದ್ಯರು ಅವನ ಕಣ್ಣುರೆಪ್ಪೆ ಎತ್ತಿದಾಗ ಒಳಗೆಲ್ಲ ಹಳದಿ. ರಕ್ತ ಪರೀಕ್ಷೆಯಲ್ಲಿ ಯಕೃತ್ತಿನ ಅಂಕಿಗಳು ಇರಬೇಕಾದ್ದಕ್ಕಿಂತ ಇಪ್ಪತ್ತು ಪಟ್ಟು. ದಿನಕ್ಕೆ ನಾಲ್ಕು ಸಲ ಕೊಡುತ್ತಿದ್ದ, ಯಕೃತ್ತಿಗೆ ಇನ್ನಷ್ಟು ಹೊರೆಯಾಗುವ ಜ್ವರದ ಮಾತ್ರೆ ಅಂದೇ ನಿಂತಿತು. ಅದಾದ ನಾಲ್ಕನೆಯ ದಿನ ಸಿದ್ರಾಮ ಹೋದ. ಶ್ವಾಸಕೋಶವೂ ಹಾಳಾಗಿತ್ತು, ಮೊದಲೇ ತಿಳಿದರೂ ಉಳಿಯುತ್ತಿದ್ದನೋ ಇಲ್ಲವೋ ಎಂದರು ವೈದ್ಯರು. ಆ ‘ಇಲ್ಲವೋ’ ದೇವಕ್ಕನಿಗೆ ಸಮಾಧಾನ ಕೊಟ್ಟಿಲ್ಲ.

“ಉಳೀತಿದ್ನೋ ಏನೋ, ಅದು ಶಿವಗ ಗೊತ್ತು. ಅವಾ ಹೇಳಿದ್ದ, ನಾ ಹೇಳಲಿಲ್ಲ. ಇದು ನನಗ ಗೊತ್ತು.”

ದೇವಕ್ಕ ಅಳುತ್ತಾ ಅದನ್ನು ಹೇಳಿದ ದಿನವೇ ಸೌಮ್ಯಾ ವಾರ್ಡಿನ ಬಿಳಿ ಬೋರ್ಡಿನ ಮೂಲೆಯಲ್ಲಿ ‘ಕಾಮಣಿ = ಜಾಂಡೀಸ್’ ಎಂದು ಬರೆದರು. ತಪ್ಪಾಗಿ ಕೇಳಿಸಿಕೊಂಡದ್ದು ನಾನು ಎನ್ನುತ್ತಾರೆ ಅವರು. ಇಬ್ಬರೂ ಆ ತಪ್ಪನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದಿಲ್ಲ.

ಚೀಲಗಳು ಮುಗಿದ ಮೇಲೆ ದೇವಕ್ಕ ಬೋರ್ಡ್ ಒರೆಸುತ್ತಾರೆ. ನಿನ್ನೆಯ ಹೆಸರುಗಳೆಲ್ಲ ಅಳಿಯುತ್ತವೆ. ಮೂಲೆಗೆ ಬಂದಾಗ ಬಟ್ಟೆ ಸುತ್ತು ಹಾಕಿ ಹೋಗುತ್ತದೆ. ಅವರಿಗೆ ಓದಲು ಬರುವುದಿಲ್ಲ. ಅಲ್ಲಿರುವುದು ಏನೆಂದು ಗೊತ್ತು.

“ಸಿಸ್ಟರ್, ಮಾಸಾಕತ್ತೇತ್ರಿ. ಅದರ ಮ್ಯಾಲ ಇನ್ನೊಮ್ಮಿ ಪೆನ್ನು ಆಡಸ್ರಿ. ನಾಳೆ ಹೊಸಬ್ರು ಬಂದ್ರ ಅವರಿಗೆ ಕಾಣ್ಬೇಕಲ್ಲ.”