ಕಿಟಕಿಗೆ ಅಂಟಿಸಿದ ಕಾಗದ

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ, ಸಣ್ಣ ಉರಿಯಲ್ಲಿ ತಿರುವುತ್ತ ನಿಂತರೆ, ಒಂದು ಗಳಿಗೆಯಲ್ಲಿ ಹಿಟ್ಟಿನ ಹಸಿ ವಾಸನೆ ಹೋಗಿ ಬೇರೊಂದು ವಾಸನೆ ಏಳುತ್ತದೆ. ಗಂಜಿಯದಲ್ಲ, ಸುಣ್ಣದ್ದೂ ಅಲ್ಲ. ಎರಡೂ ಸ್ವಲ್ಪ ಸ್ವಲ್ಪ ಇರುವಂಥದ್ದು. ಹೋದ ತಿಂಗಳು ರಾಬರ್ಟ್‌ಸನ್‌ಪೇಟೆಯಲ್ಲಿ ನಾನು ಬಾಡಿಗೆಗೆ ಹಿಡಿದ ಅಂಗಡಿಯ ಹಿಂಭಾಗದಲ್ಲಿ ಆ ವಾಸನೆ ಎದ್ದಾಗ ಸೌಟು ಹಿಡಿದ ಕೈ ಹಾಗೇ ನಿಂತುಬಿಟ್ಟಿತು. ಮುಂದಿನ ಗಾಜಿಗೆ ಪಡುವಣ ಬಿಸಿಲು ನೇರ ಹೊಡೆದು ಬಣ್ಣದ ಕಾಗದಗಳೆಲ್ಲ ಮಾಸುತ್ತಿದ್ದವು. ಗಾಜಿನ ಕೆಳಗಿನ ಅರ್ಧಕ್ಕೆ ತೆಳುವಾದ ಬಿಳಿ ಕಾಗದ ಅಂಟಿಸಿಬಿಡೋಣ ಎಂದುಕೊಂಡಿದ್ದೆ. ಡಬ್ಬಿ ಗೋಂದಿಗೆ ತೆಳು ಕಾಗದ ಸುಕ್ಕಾಗುತ್ತದೆ, ಅದಕ್ಕೇ ಮೈದಾ. ಅಷ್ಟೇ ವಿಷಯ. ಆದರೆ ಆ ವಾಸನೆಗೆ ನನ್ನ ಕಿವಿ ಬಿಸಿಯಾಯಿತು, ಯಾರೋ ಎಲ್ಲರೆದುರು ನನ್ನ ಹೆಸರು ಹಿಡಿದು ಕರೆದ ಹಾಗೆ.

ಅಂಗಡಿಯ ಮೇಲೆ 'ಸ್ಟುಡಿಯೋ' ಎಂದು ಬರೆಸಿದ್ದೇ ತಪ್ಪಾಯಿತು. ಬಂದವರೆಲ್ಲ ಪಾಸ್‌ಪೋರ್ಟ್ ಸೈಜಿನ ಫೋಟೋ ಕೇಳುವವರೇ. ಕಾಗದದ ಕೈಕೆಲಸ ಕಲಿಸುತ್ತೇನೆ, ಮದುವೆ ಮನೆಗೆ ಕಾಗದದ ಅಲಂಕಾರ ಮಾಡಿಕೊಡುತ್ತೇನೆ ಎಂದರೆ, ಪಾಪ ಈಕೆಗೆ ಬೇರೆ ಕೆಲಸವಿಲ್ಲ ಎಂಬ ಮುಖ ಮಾಡಿಕೊಂಡು ಹೋಗುತ್ತಿದ್ದರು. ನಾನು ಮಾತ್ರ ಒಂದು ವಾರ ಊಟ ತಿಂಡಿ ಮರೆತು ಜೋಡಿಸಿದೆ. ಪ್ಲಂಬರ್ ಬಿಟ್ಟುಹೋದ ಪೈಪುಗಳನ್ನು ತುಂಡು ಮಾಡಿಸಿ, ಅದರೊಳಗೆ ಕಾಗದದ ಸುರುಳಿಗಳನ್ನು ನಿಲ್ಲಿಸಿದೆ. ಕ್ರೇಪ್ ಕಾಗದಕ್ಕೆ ಒಂದು ಖಾನೆ, ಗಾಳಿಪಟದ ಕಾಗದಕ್ಕೆ ಒಂದು, ಹಳೆಯ ಮದುವೆ ಕಾರ್ಡುಗಳಿಗೆ ಒಂದು. ಕತ್ತರಿಗಳಿಗೆ ಮೊಳೆ. ಬಂಗಾರಪೇಟೆಯಿಂದ ನನ್ನ ಜೊತೆ ದಿನಾ ಬರುತ್ತಿದ್ದ ಅಮ್ಮ ಮೂಲೆಯಲ್ಲಿ ಕಾಲು ಚಾಚಿ ಕೂತು, ನಾನು ಎಸೆದ ಚೂರುಗಳನ್ನೆಲ್ಲ ಆಯ್ದು ಗೋಣಿಚೀಲಕ್ಕೆ ತುಂಬುತ್ತಿದ್ದಳು. "ಇದೇನೇ ಇಷ್ಟೊಂದು ಕತ್ರಿ? ಕ್ಷೌರದಂಗ್ಡೀನಾ?" ಎಂದು ಕೆಣಕುತ್ತಿದ್ದಳು.

ಗಾಜಿಗೆ ಕಾಗದ ಅಂಟಿಸಿದ ದಿನವೇ ಒಬ್ಬ ಹುಡುಗಿ ವಿಡಿಯೋ ಮಾಡಲು ಬಂದಿದ್ದಳು. ಇಂಥ ಸಣ್ಣ ಸಣ್ಣ ಅಂಗಡಿಗಳ ಕಥೆ ತೆಗೆದು ಫೋನಿನಲ್ಲಿ ಹಾಕುವವಳು. ಗೋಡೆಯ ಮೇಲೆ ನಾನು ತೂಗುಹಾಕಿದ್ದ, ಕಡ್ಡಿಗಳ ದೊಡ್ಡ ಗಾಲಿಯಂಥ ಕಾಗದದ ಕೆತ್ತನೆಯನ್ನು ತೋರಿಸಿ, "ಈ ಹೂವಿನ ಡಿಸೈನ್‌ಗೆ ನಿಮಗೆ ಇನ್‌ಸ್ಪಿರೇಷನ್ ಎಲ್ಲಿಂದ ಬಂತು ಮೇಡಂ?" ಎಂದು ಕೇಳಿದಳು. ಅದು ಹೂವಲ್ಲ. ಆದರೂ ನಾನು ಎಲ್ಲ ಕಡೆಯೂ ಹೇಳುವ ಮಾತನ್ನೇ ಹೇಳಿದೆ: "ನಮ್ಮಮ್ಮನಿಂದ. ಅವರೇ ನನ್ನ ಗುರು." ಹುಡುಗಿ ಫೋನನ್ನು ಅಮ್ಮನ ಕಡೆ ತಿರುಗಿಸಿದಳು. ಅಮ್ಮ ನಗಲಿಲ್ಲ. ಗೋಣಿಚೀಲದ ಬಾಯಿ ಕಟ್ಟುತ್ತ ಕೂತಳು. ಬೆಳಕು ಕಮ್ಮಿಯಾಯಿತು, ಉಳಿದದ್ದು ನಾಳೆ ತೆಗೆಯುತ್ತೇನೆ ಎಂದು ಹುಡುಗಿ ಹೊರಟುಹೋದಳು. ಥೂ ನನ್ನ ಜನ್ಮವೇ ಅನ್ನಿಸಿತು. ಏಕೆಂದರೆ ಆ ಡಿಸೈನು ಅಮ್ಮನ ಕೈಯದಲ್ಲ, ಅಪ್ಪನ ಕೈಯದು. ಅಪ್ಪನ ಹೆಸರು ಹೇಳಲು ಈ ವಯಸ್ಸಿನಲ್ಲೂ ನನಗೆ ಬಾಯಿ ಬರುವುದಿಲ್ಲ.

ನಮ್ಮದು ಮಾರಿಕುಪ್ಪಂ ಕಡೆ, ಕೋಲಾರದ ಚಿನ್ನದ ಗಣಿಯ ಸಾಲುಮನೆ. ಒಂದೇ ಕೋಣೆ, ಹಿಂದೆ ಅಡುಗೆಗೆ ಇಷ್ಟು ಜಾಗ, ಅದಕ್ಕೆ ಅಂಟಿಕೊಂಡ ಬಚ್ಚಲು, ಬೀದಿಗೆ ಒಂದು ಕಿಟಕಿ. ಅಪ್ಪ ಬೇತಮಂಗಲದ ಹತ್ತಿರದ ಹಳ್ಳಿಯಿಂದ ಬಂದು, ಗಣಿಯೊಳಕ್ಕೆ ಜನರನ್ನು ಇಳಿಸಿ ಮೇಲೆತ್ತುವ ಕೇಜಿನ ಇಂಜಿನ್ ನಡೆಸುತ್ತಿದ್ದ. ಗಣಿಗೆ ಇಳಿಯುವ ಬಾವಿಯ ಮೇಲೆ ಕೇಜಿನ ಹಗ್ಗ ಎಳೆಯುವ ದೊಡ್ಡ ಗಾಲಿ ತಿರುಗುವುದು ನಮ್ಮ ಬಾಗಿಲಿಂದ ಕಾಣುತ್ತಿತ್ತು. ಸಾಲಿನ ಹೆಂಗಸರು ಅಪ್ಪ ದಾರಿಯಲ್ಲಿ ಎದುರಾದರೆ ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದರು. ಅವರ ಗಂಡಂದಿರು ದಿನಾ ಅಪ್ಪನ ಕೈಯಲ್ಲಿ ಇಳಿದು ಅಪ್ಪನ ಕೈಯಲ್ಲಿ ಹತ್ತುತ್ತಿದ್ದರಲ್ಲ! ಆಮೇಲೆ ಗಣಿ ಮುಚ್ಚಿತು, ಗಾಲಿ ನಿಂತಿತು. ಅಪ್ಪ ಕೆಲವು ತಿಂಗಳು ಬೆಳಗಾದರೆ ಇಸ್ತ್ರಿ ಅಂಗಿ ತೊಟ್ಟು ಎಲ್ಲಿಗೋ ಹೋಗಿ ಬರುತ್ತಿದ್ದ. ಮತ್ತೆ ಅದನ್ನೂ ಬಿಟ್ಟ. ಪೇಟೆಯ ಫ್ಯಾನ್ಸಿ ಅಂಗಡಿಯವರು ಕ್ರಿಸ್ಮಸ್ಸಿಗೆ ಕಾಗದದ ನಕ್ಷತ್ರ ಮಾಡಿಕೊಡಿ ಎಂದು ಅಮ್ಮನಿಗೆ ಹೇಳಿದ್ದು ಆಗಲೇ. ಅಮ್ಮನ ಕೈಗೆ ಕಾಗದ ಬಗ್ಗಲಿಲ್ಲ, ಹರಿಯಿತು, ಮುದ್ದೆಯಾಯಿತು. ಗೋಡೆಗೊರಗಿ ನೋಡುತ್ತಿದ್ದ ಅಪ್ಪ ಕೊನೆಗೆ ತಡೆಯಲಾರದೆ, "ತಾ ಇಲ್ಲಿ. ಆ ಕಾಗ್ದ ನಿಂಗೇನ್ ಪಾಪ ಮಾಡೈತೆ?" ಎಂದು ಕಿತ್ತುಕೊಂಡ.

ಅವತ್ತಿನಿಂದ ನಮ್ಮ ಮನೆ ಬಣ್ಣವಾಯಿತು. ಸ್ಕೂಲಿಂದ ಬಂದರೆ ನೆಲದ ಮೇಲೆ ಕಾಲಿಡಲು ಜಾಗವಿರುತ್ತಿರಲಿಲ್ಲ. ನಕ್ಷತ್ರ, ತೋರಣ, ಕ್ರೇಪ್ ಕಾಗದದ ಗುಲಾಬಿ. ಅಪ್ಪ ಅಮ್ಮನ ಸ್ವೆಟರ್ ಕಡ್ಡಿಗೆ ದಳ ಸುತ್ತಿ ಮೆಲ್ಲಗೆ ಎಳೆದರೆ ಅದರ ಅಂಚು ತಾನಾಗಿ ಮಡಚಿಕೊಳ್ಳುತ್ತಿತ್ತು. ಕೇಜನ್ನು ಕುಲುಕದಂತೆ ನೆಲಕ್ಕೆ ತಂದು ಮುಟ್ಟಿಸುತ್ತಿದ್ದ ಕೈ ಅದು, ಕಾಗದವನ್ನು ಹರಿಯಗೊಡುತ್ತದೆಯೇ? ಮುಗಿದದ್ದನ್ನೆಲ್ಲ ಅಮ್ಮ ಬುಟ್ಟಿಯಲ್ಲಿಟ್ಟು ಪೇಟೆಗೆ ಒಯ್ಯುತ್ತಿದ್ದಳು, ತಾನೇ ಮಾಡಿದೆ ಎನ್ನುತ್ತಿದ್ದಳು. ಗಂಡಸು, ಅದೂ ಇಂಜಿನ್ ನಡೆಸಿದ ಗಂಡಸು, ಮನೆಯಲ್ಲಿ ಕೂತು ಹೂವು ಮಾಡುತ್ತಾನೆ ಎಂದರೆ ಏನರ್ಥ ಎಂದು ಅಪ್ಪನಿಗೆ ಜೀವ ಹಿಡಿಯಾಗುತ್ತಿತ್ತು. ಅದಕ್ಕೇ ಮೈದಾ ಅಂಟು ಕಾಯಿಸಿ ಕಿಟಕಿಗೆ ಕಾಗದ ಅಂಟಿಸಿದ. ಗಾಳಿ ತಿಂಗಳಲ್ಲಿ ಎಲ್ಲರ ಮನೆಯವರೂ ಕಿಟಕಿಯ ಸಂದಿಗೆ ಪೇಪರ್ ಅಂಟಿಸುತ್ತಿದ್ದರು, ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬದಿಂದ ಧೂಳು ಹಾರಿ ಬರುತ್ತಿತ್ತಲ್ಲ, ಅದಕ್ಕೆ. ನಮ್ಮ ಕಿಟಕಿಗೆ ಮಾತ್ರ ಪೂರ್ತಿ ಅಂಟಿಸಿತ್ತು, ವರ್ಷವಿಡೀ ಇತ್ತು. ಅಪ್ಪ ಅದರ ಮೇಲ್ಭಾಗದಲ್ಲಿ ಬಾವಿಯ ಗಾಲಿಯನ್ನು ಕತ್ತರಿಸಿ ಕೂರಿಸಿದ್ದ. ಬೆಳಗಿನ ಬಿಸಿಲಿಗೆ ಆ ಗಾಲಿ ನಮ್ಮ ನೆಲದ ಮೇಲೆ ಬೀಳುತ್ತಿತ್ತು. ದೀಪ ಹಾಕುವ ಹೊತ್ತಿಗೆ ದಿನಾ ಅಪ್ಪನದು ಒಂದೇ ಪ್ರಶ್ನೆ: "ಆಚೆಯಿಂದ ಕಾಣ್ತದಾ ನೋಡು." ಅಮ್ಮ ಬೀದಿಗೆ ಹೋಗಿ ನಿಂತು ನೋಡಿ ಬಂದು, "ಕಾಣಲ್ಲ ಬಿಡಿ" ಎನ್ನುತ್ತಿದ್ದಳು. ಆಮೇಲೆ ಅಪ್ಪ ತಗ್ಗಾಗಿ ಇಳಿಬಿಟ್ಟ ಬಲ್ಬಿನ ಮುಂದೆ ಚಾಪೆ ಹಾಸಿಕೊಂಡು ಕತ್ತರಿ ಹಿಡಿಯುತ್ತಿದ್ದ.

ಆ ಹೊತ್ತಿಗೆ ನಾನು ಹೊರಗೆ ಇರುತ್ತಿರಲಿಲ್ಲ, ದೀಪ ಹಚ್ಚಿದ ಮೇಲೆ ಹೆಣ್ಣುಮಕ್ಕಳು ಒಳಗಿರಬೇಕು. ಪಕ್ಕದ ಮನೆಯ ಸೆಲ್ವಿ ಅಕ್ಕನ ದನಿ ಮಾತ್ರ ಕೇಳುತ್ತಿತ್ತು. ನಮ್ಮ ಕಿಟಕಿಯ ಕೆಳಗೆ ಗೋಲಿ ಆಡುವ ಹುಡುಗರನ್ನು ಆಕೆ ಪೊರಕೆ ಹಿಡಿದು ಅಟ್ಟುತ್ತಿದ್ದಳು. "ಡೇಯ್, ಪೋಂಗಡಾ! ಆ ಕಡೆ ಓಗಿ ಆಡ್ಕೊಳ್ರೋ. ಇಲ್ಲೇನೈತೆ ನೋಡಕ್ಕೆ?" ಎಂಥ ಗಯ್ಯಾಳಿ ಎಂದುಕೊಳ್ಳುತ್ತಿದ್ದೆ.

ಇದೆಲ್ಲ ಮುಚ್ಚಿಡಬೇಕಾದ್ದೆಂದು ನನಗೆ ಹೊಳೆದಿರಲೇ ಇಲ್ಲ, ನನಗೆ ನಮ್ಮ ಮನೆಯೆಂದರೆ ಹೆಮ್ಮೆ. ಅದೇ ಮುಳುವಾಯಿತು. ಕೈಕೆಲಸದ ಪೀರಿಯಡ್ಡಿಗೆ ಒಂದು ನಕ್ಷತ್ರ ಒಯ್ದು, "ನಮ್ಮಪ್ಪ ಮಾಡಿದ್ದು ಮಿಸ್. ಮನೆ ತುಂಬ ಇದೆ, ಕಿಟಕಿ ನೋಡಬೇಕು ನೀವು" ಎಂದು ಜಂಬ ಕೊಚ್ಚಿದೆ. ಮಿಸ್ ಒಳ್ಳೆಯವರು, ನಿಜವಾಗಿಯೂ ನೋಡಬೇಕು ಎಂದರು. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ, ಮಿಸ್ಸನ್ನೂ ನಾಲ್ಕೈದು ಗೆಳತಿಯರನ್ನೂ ಕರೆದುಕೊಂಡು ಮೆರವಣಿಗೆ ಹೊರಟೆ. ಮನೆಯಲ್ಲಿ ಹೇಳಿರಲಿಲ್ಲ. ಅಪ್ಪನಿಗೆ ಖುಷಿಯಾಗುತ್ತದೆ, ಥಟ್ಟನೆ ಮುಂದೆ ನಿಲ್ಲಿಸಬೇಕು ಎಂದುಕೊಂಡು ಬಾಗಿಲನ್ನು ಎರಡೂ ಕೈಯಲ್ಲಿ ದೂಡಿದೆ.

ಅಪ್ಪ ನೆಲದ ಮೇಲೆ ಕೂತಿದ್ದ. ಪಂಚೆ ಮೊಣಕಾಲ ಮೇಲಕ್ಕೆ, ಬೆರಳುಗಳಿಗೆ ಕ್ರೇಪ್ ಕಾಗದದ ಕೆಂಪು ಹತ್ತಿತ್ತು, ಕೂದಲಲ್ಲಿ ಗುಲಾಬಿ ದಳ. ನನ್ನನ್ನು ನೋಡಿ ನಗಲು ಹೋದವನು ನನ್ನ ಹಿಂದಿದ್ದವರನ್ನು ನೋಡಿದ. ಆ ಮುಖ ನಾನು ಮರೆಯಲಾರೆ. ಎದ್ದ, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಅಮ್ಮ ಅಡುಗೆಯ ಕಡೆಯಿಂದ ಓಡಿಬಂದವಳು ಒಂದೇ ಕ್ಷಣದಲ್ಲಿ ಎಲ್ಲ ಅರ್ಥಮಾಡಿಕೊಂಡು, ಅಪ್ಪನ ಚಾಪೆಯ ಮೇಲೆ ತಾನು ಕೂತು ಕತ್ತರಿ ಕೈಗೆತ್ತಿಕೊಂಡಳು. "ಎಲ್ಲ ನಾನೇ ಮಾಡದು ಮಿಸ್. ಇವ್ಳು ಸುಮ್ನೆ ಏನೋ ಏಳ್ತಾಳೆ. ಅವ್ರಿಗೆ ಇವೆಲ್ಲ ಎಲ್ಲಿ ಬರಬೇಕು!" ಮಿಸ್ ನನ್ನ ಕಡೆ ನೋಡಿದರು. ಸುಳ್ಳಿ ಎಂದು ಗೆಳತಿಯರು ಪಿಸುಗುಟ್ಟಿದರು. ಅಮ್ಮ ಕಾಫಿ ಕೊಟ್ಟಳು, ಮಿಸ್ ಆರಿಸಿ ಆರಿಸಿ ಕುಡಿದರು. ಅಷ್ಟು ಹೊತ್ತೂ ಬಚ್ಚಲಿಂದ ಒಂದು ಚೊಂಬಿನ ಸದ್ದೂ ಇಲ್ಲ. ಅವರೆಲ್ಲ ಹೋದ ಮೇಲೂ ಅಪ್ಪ ಬರಲಿಲ್ಲ. ಸುಮಾರು ಹೊತ್ತಾದ ಮೇಲೆ ಒಳಗಿಂದಲೇ ಕೇಳಿದ: "ಒಂಟೋದ್ರಾ?"

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕೂದಲಲ್ಲಿದ್ದ ದಳವನ್ನು ತೆಗೆದು, ಹಾಗೇ ಬಿಸಾಡದೆ ಬುಟ್ಟಿಗೆ ಹಾಕಿದ. ಮುಂದಿನ ತಿಂಗಳಿಂದ ಕತ್ತಲಿರುವಾಗಲೇ ಮಾರಿಕುಪ್ಪಂ ಟ್ರೈನು ಹತ್ತಿ ಬೆಂಗಳೂರಿನ ಯಾವುದೋ ಗೋಡೌನಿನ ಕಾವಲಿಗೆ ಹೋಗತೊಡಗಿದ. ಕತ್ತರಿಯನ್ನು ಮತ್ತೆ ಮುಟ್ಟಲಿಲ್ಲ. ಅಪ್ಪನನ್ನು ನೋಡಿ ನೋಡಿ ಕಲಿತಿದ್ದನ್ನು ಅಮ್ಮ ಮಾಡಿದಳು, ಅಮ್ಮನಿಂದ ನಾನು ಕಲಿತೆ. ಅಪ್ಪ ತೀರಿಕೊಂಡ ಮೇಲೆ ನಾವು ಬಂಗಾರಪೇಟೆಗೆ ಬಂದೆವು. ಸಾಲುಮನೆಯ ಆ ಕಿಟಕಿಗೆ ಈಗ ಬಾಗಿಲೇ ಇಲ್ಲ, ಜಾಲಿಗಿಡ ಬೆಳೆದಿದೆ. ಸೆಲ್ವಿ ಅಕ್ಕನೂ ಇಲ್ಲ.

ಹುಡುಗಿ ಹೊರಟುಹೋದ ಆ ಸಂಜೆ, ಅಂಟಿಸಿದ ಕಾಗದ ನೆಟ್ಟಗೆ ಕೂತಿದೆಯೇ ನೋಡೋಣ ಎಂದು ದೀಪ ಹಾಕಿ ರಸ್ತೆಗೆ ಇಳಿದೆ. ಆಟೋಗಳ ಗಲಾಟೆಯ ನಡುವೆ ನಿಂತು ತಿರುಗಿ ನೋಡಿದೆ. ಅಮ್ಮ ಒಳಗೆ ಗೋಡೆಯ ತಗ್ಗಿನ ದೀಪದ ಮುಂದೆ ನೆಲದ ಮೇಲೆ ಕೂತು ಒಂದು ಚೂರನ್ನು ಕತ್ತರಿಸುತ್ತಿದ್ದಳು. ಅವಳ ನೆರಳು ಬಿಳಿ ಕಾಗದದ ಮೇಲೆ ಪೂರ್ತಿ ಬಿದ್ದಿತ್ತು. ಬಾಗಿದ ಕತ್ತು, ಕತ್ತರಿಯ ಬಾಯಿ ತೆರೆಯುವುದು, ಮುಚ್ಚುವುದು, ಮಡಿಕೆ ಬಿಚ್ಚುವುದು, ಎಲ್ಲವೂ ಕಾಣುತ್ತಿತ್ತು. ಅಯ್ಯೋ ದೇವರೇ, ಹಾಗಾದರೆ ಅಪ್ಪನೂ ಹೀಗೇ ಕಾಣುತ್ತಿದ್ದ. ದಿನಾ ಸಂಜೆ, ಇಡೀ ಸಾಲಿಗೆ. ಸೆಲ್ವಿ ಅಕ್ಕನ ಪೊರಕೆ ನೆನಪಾಗಿ ನಾನು ನಡುರಸ್ತೆಯಲ್ಲಿ ಅತ್ತುಬಿಟ್ಟೆ.

ಒಳಗೆ ಹೋಗಿ ಅಮ್ಮನ ಪಕ್ಕ ಕೂತೆ. "ಆಚೆಯಿಂದ ಎಲ್ಲ ಕಾಣ್ತದಲ್ಲಮ್ಮ," ಎಂದೆ. ಅಮ್ಮ ಕತ್ತರಿ ನಿಲ್ಲಿಸಲಿಲ್ಲ. "ಕಾಣ್ದೆ ಇನ್ನೇನು. ದೀಪದ ಮುಂದೆ ಕುಂತ್ರೆ ನೆಳ್ಳು ಬೀಳಾಕಿಲ್ವಾ?" "ಮತ್ತೆ ಅಪ್ಪಂಗೆ ದಿನಾ ಕಾಣಲ್ಲ ಅಂತಿದ್ದೆ?" ಎಂದೆ. "ಅಂಗಂದ್ರೆ ತಾನೆ ಅವ್ರು ಕುಂತ್ಕೊಳ್ತಿದ್ದಿದ್ದು. ನೋಡ್ದೋರು ಯಾರೂ ನೋಡಿದ್ವಿ ಅನ್ನಲಿಲ್ಲ. ಅದೊಂದು ಮರ್ಯಾದೆ." ನನ್ನನ್ನು ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಇಡೀ ಸಾಲು ಸೇರಿ, ಕಂಡೂ ಕಾಣದ ಹಾಗಿದ್ದು ಅಪ್ಪನ ಮಾನ ಕಾಪಾಡಿತ್ತು. ಮಗಳಾದ ನಾನು ಬಾಗಿಲು ತೆರೆದು, ಕಾಣದ ಹಾಗಿರಲು ಯಾರಿಗೂ ದಾರಿಯೇ ಇಲ್ಲದಂತೆ ಮಾಡಿದೆ. ಏನೂ ಅರಿಯದ ಹುಡುಗಿ ಎಂದು ಯಾರಾದರೂ ಸಮಾಧಾನ ಹೇಳಬಹುದು. ನಾಚಿಕೆಗೆ ಆ ಸಮಾಧಾನ ಸಾಲುವುದಿಲ್ಲ. ಕೊನೆಗೆ, "ಅವ್ರ ಎಸ್ರು ಏಳ್ಬುಡ್ಲಾಮ್ಮ?" ಎಂದು ಅವಳ ಮಾತಿನಲ್ಲೇ ಕೇಳಿದೆ. ಅಮ್ಮ ಕೈಯಲ್ಲಿದ್ದ ಕಾಗದವನ್ನು ಬಿಚ್ಚಿದಳು. ಗಾಲಿ. "ಏಳು," ಎಂದಳು. "ನನ್ ಎಸ್ರಲ್ಲಿ ಇದ್ದಿದ್ದು ಸಾಕು."

ಮರುದಿನ ಹುಡುಗಿ ಬಂದಾಗ ಹೇಳಿದೆ. ಇದು ಹೂವಲ್ಲ, ಗಣಿಯ ಗಾಲಿ. ಇದನ್ನು ಮೊದಲು ಕತ್ತರಿಸಿದ್ದು ನಮ್ಮಪ್ಪ, ಮನೆಯಲ್ಲಿ ಕೂತು ಕಾಗದದ ಗುಲಾಬಿ ಮಾಡುತ್ತಿದ್ದ ಎಂದು, ಅಪ್ಪನ ಪೂರ್ತಿ ಹೆಸರು ಸೇರಿಸಿ ಹೇಳಿದೆ. ಹುಡುಗಿ ತುಂಬ ಚೆನ್ನಾಗಿದೆ ಮೇಡಂ ಎಂದು, ಫೋನು ಚೀಲಕ್ಕೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೋದಳು. ಅಮ್ಮ ಗೋಡೆಗೊರಗಿ ತೂಕಡಿಸುತ್ತಿದ್ದಳು. ಅಂಗಡಿಯ ಹಿಂಭಾಗದಲ್ಲಿ ಒಂದು ಸಣ್ಣ ಬಚ್ಚಲಿದೆ, ಅದರ ಬಾಗಿಲು ಮುಚ್ಚಿತ್ತು. ಯಾಕೋ ಹೋಗಿ ಅದರ ಮುಂದೆ ನಿಂತೆ. ಒಳಗೆ ಸದ್ದಿರಲಿಲ್ಲ. ಬಾಗಿಲ ಮೇಲೆ ಕೈಯಿಟ್ಟು, ಅಮ್ಮನಿಗೆ ಎಚ್ಚರವಾಗದಂತೆ ಮೆಲ್ಲಗೆ ಹೇಳಿದೆ:

"ಎಲ್ರೂ ಒಂಟೋದ್ರು ಕಣಪ್ಪ. ಈಚೆಗೆ ಬಾ."