ಬೋಗುಣಿ ಬೋರಲಾಗುವ ತನಕ

ನಮ್ಮ ತವರಿನಲ್ಲಿ ಹಗಲೂಟಕ್ಕೆ ಯಾರೂ ಕೈ ತೊಳೆಯುತ್ತಿರಲಿಲ್ಲ. ಕೇಳಿದವರು ಮೂಗು ಮುರಿದಾರು. ಆದರೆ ಉಣ್ಣುವವರ ಕೈ ಅನ್ನವನ್ನು ಮುಟ್ಟುತ್ತಲೇ ಇರಲಿಲ್ಲವಲ್ಲ, ತೊಳೆಯುವುದು ಯಾತಕ್ಕೆ?

ತಿರುಪ್ಪೂರಿನಿಂದ ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ ನಮ್ಮೂರು. ಬೀದಿಯುದ್ದಕ್ಕೂ ಮಗ್ಗದ ಮನೆಗಳು. ಅಪ್ಪ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ಬಿಳಿ ಪಂಚೆ ನೇಯುತ್ತಿದ್ದರು. ನಾನೂ ತಮ್ಮನೂ ಗೋಡೆ ಬದಿಗೆ ರಾಟೆ ಇಟ್ಟುಕೊಂಡು ಅವರ ಲಾಳಿಗೆ ನೂಲು ಸುತ್ತಿ ಕೊಡುತ್ತಿದ್ದೆವು. ಅಜ್ಜಿಯ ಕಾಲದಲ್ಲಿ ಯಾರೋ ಉಂಡ ಕೈಯನ್ನು ಸರಿಯಾಗಿ ತೊಳೆಯದೆ ಮಗ್ಗಕ್ಕೆ ಕೂತು, ಸಾರಿನ ಅರಿಶಿನ ಹತ್ತಿ ಇಡೀ ಪಂಚೆ ಕೆಟ್ಟಿತಂತೆ. ಅಂದಿನಿಂದ ಮನೆಯ ಕಟ್ಟಳೆ ಒಂದೇ: ಮಗ್ಗ ಆಡುವ ಹೊತ್ತಿನಲ್ಲಿ ಊಟ ಅಂದರೆ ಅಮ್ಮನ ಕೈತುತ್ತು.

ಅಮ್ಮ ದೊಡ್ಡ ಬೋಗುಣಿಯಲ್ಲಿ ಕಂಬಿನ, ಅಂದರೆ ಸಜ್ಜೆಯ, ಅನ್ನಕ್ಕೆ ಸಾರು ಕಲಸಿ ತರೋಳು. ಮೊದಲ ತುತ್ತು ಗುಂಡಿಯಲ್ಲಿದ್ದ ಅಪ್ಪನಿಗೆ. ಅವರು ನೂಲಿನಿಂದ ಕಣ್ಣು ಕೀಳದೆ ಬಾಯಿ ಮಾತ್ರ ತೆರೆಯೋರು. ಆಮೇಲೆ ತಮ್ಮ, ಆಮೇಲೆ ನಾನು, ಮತ್ತೆ ಅಪ್ಪ. ಎಷ್ಟು ತುತ್ತು ಅಂತ ನಾವು ಕೇಳಿದವರಲ್ಲ. ನಡುವೆ ತಮ್ಮ ಮುಖ ತಿರುಗಿಸಿದರೆ ಅಮ್ಮ ಗದರಿಸೋಳು: "ಅನ್ನ ಬಂದಾಗ ಸಾಕು ಅನ್ನಬಾರದು ಕಣೋ, ಮುನಿಸಿಕೊಂಡು ಹೋಗ್ತದೆ." ಬೋಗುಣಿ ಬರಿದಾದಾಗ ಅದನ್ನು ನೆಲಕ್ಕೆ ಟಪ್ಪೆಂದು ಬೋರಲು ಹಾಕೋಳು. ಆ ಸದ್ದು ಕೇಳಿದರೆ ನಮ್ಮ ಹೊಟ್ಟೆ ತುಂಬಿತು ಅಂತ. ರಾತ್ರಿಯಾದರೂ ಅಷ್ಟೆ, ತಲೆಗೊಂದು ಮುದ್ದೆ. ನುಂಗಿ ಏಳಬೇಕು.

ಹದಿನಾರಕ್ಕೆ ನನ್ನನ್ನು ಕೊಯಮತ್ತೂರಿಗೆ ಕೊಟ್ಟರು. ಪೀಳಮೇಡಿನ ಕಡೆ ಒಂದರ ಹಿಂದೊಂದು ನೂಲಿನ ಗಿರಣಿಗಳು ಏಳುತ್ತಿದ್ದ ಕಾಲ. ಗಂಡ ಅಂಥದೊಂದರಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಅವರು, ಅತ್ತೆ, ನಾನು, ಮೂರೇ ಜನ. ಮಗ್ಗ ಮಾರಿ ವರ್ಷವಾಗಿತ್ತು. ಎರಡು ಹೊತ್ತೂ ನೆಲ್ಲಕ್ಕಿ ಅನ್ನ! ಗಂಡ ಉಂಡು ಗಿರಣಿಗೆ ಹೋದ ಮೇಲೆ ಅತ್ತೆ ಹೊಸ ಸೊಸೆಗೆ ಅಂತ ಮೊದಲು ನನಗೆ ಎಲೆ ಹಾಕಿದರು.

ಬಡಿಸಿದರು, ಉಂಡೆ. ಮತ್ತೆ ಬಡಿಸಿದರು, ಮತ್ತೆ ಉಂಡೆ. ಮೂರನೆಯ ಸಲಕ್ಕೆ ಸೀರೆಯ ಗಂಟು ಬಿಗಿಯಿತು. ನಾಲ್ಕನೆಯದಕ್ಕೆ ಉಸಿರು ಮೇಲಕ್ಕೆ ಬಂತು. ಪಾತ್ರೆ ಇನ್ನೂ ಬೋರಲಾಗಿರಲಿಲ್ಲ. ಸಾಕು ಅನ್ನಬಾರದು ಅಂತ ಅಮ್ಮ ಕಲಿಸಿದ್ದಳು. ಅತ್ತೆಯ ಕಡೆಯ ನಡವಳಿಕೆ ಬೇರೆ ಇತ್ತು, ಅದು ನನಗೆ ತಿಳಿದದ್ದು ಬಹಳ ತಡವಾಗಿ. ಉಣ್ಣುವವರನ್ನು 'ಸಾಕಾ' ಅಂತ ಕೇಳುವುದು ಅವರಲ್ಲಿ ಪಾಪ. ಉಣ್ಣುವವರು ಎಲೆಗೆ ಕೈ ಅಡ್ಡ ಹಿಡಿಯುವ ತನಕ ಬಡಿಸುತ್ತಲೇ ಇರಬೇಕು. ಅವರು ಬಡಿಸಿದರು, ನಾನು ಉಂಡೆ, ಪಾತ್ರೆ ಬರಿದಾಯಿತು.

"ನನಗೆ ಹಸಿವಿಲ್ಲ ಅಮ್ಮಣಿ," ಅಂದು ಅತ್ತೆ ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದರು. ಮರುದಿನ ಒಂದು ಹಿಡಿ ಅಕ್ಕಿ ಹೆಚ್ಚು ಹಾಕಿದರು. ಅದೂ ಹೋಯಿತು.

ಹೀಗೇ ಎರಡು ತಿಂಗಳು. ಉಂಡೆದ್ದರೆ ನನಗೆ ಬಗ್ಗಲಾಗುತ್ತಿರಲಿಲ್ಲ. ಅತ್ತೆ ಓಮದ ಕಷಾಯ ಕಾಸಿ ಕೊಡೋರು, ಕೊಟ್ಟು ಸುಮ್ಮನೆ ನನ್ನ ಮುಖ ನೋಡೋರು. ಸುಮ್ಮನಿರದವಳು ಪಕ್ಕದ ಮನೆಯಾಕೆ. ಬಾವಿಕಟ್ಟೆಯಲ್ಲಿ ಎಲ್ಲರೆದುರು ಕೇಳಿದಳು: "ಏನಕ್ಕಾ, ನಿನ್ನ ಸೊಸೆ ಬರುವಾಗ ಮಗ್ಗದ ಗುಂಡೀನ ಹೊಟ್ಟೇಲಿ ಇಟ್ಟುಕೊಂಡು ಬಂದಳಾ? ಹೋದ ವರ್ಷ ಮೇಲಿನ ಬೀದಿಯವರು ಇಂಥವಳನ್ನೇ ತವರಿಗೆ ಬಿಟ್ಟು ಬಂದರಲ್ಲ."

ನನ್ನ ಕೈಯಿಂದ ಹಗ್ಗ ಜಾರಿ ಕೊಡ ಬಾವಿಗೆ ಬಿತ್ತು. ಅಂದಿನಿಂದ ಅದೊಂದೇ ದಿಗಿಲು, ನನ್ನನ್ನೂ ಬಿಟ್ಟು ಬರುತ್ತಾರೆ ಅಂತ.

ಆಡಿ, ಅಂದರೆ ಆಷಾಢದ ತಿಂಗಳು ಬಂತು. ಹೊಸ ಮದುವಣಗಿತ್ತಿಯನ್ನು ಆ ತಿಂಗಳಿಗೆ ತವರಿನವರು ಬಂದು ಕರೆದೊಯ್ಯುವುದು ವಾಡಿಕೆ. ಅತ್ತೆ ಅವರ ದಾರಿಯನ್ನೂ ನೋಡಲಿಲ್ಲ. "ನಾನೇ ಬರ್ತೀನಿ, ನಿಮ್ಮಮ್ಮನ ಹತ್ರ ಮಾತಾಡೋದಿದೆ," ಅಂದರು. ರೈಲಿನಲ್ಲಿ ತಿರುಪ್ಪೂರಿನ ತನಕ ನಾನು ಕಿಟಕಿ ಕಡೆ ಮುಖ ಮಾಡಿ ಅಳುತ್ತಲೇ ಇದ್ದೆ. ಹೊಗೆ ಕಣ್ಣಿಗೆ ಬಿತ್ತಾ ಅಂತ ಅವರು ಸೆರಗು ಕೊಟ್ಟರು.

ನಸುಕಿಗೇ ಇಳಿದು ಗಾಡಿ ಹಿಡಿದು ಮನೆ ಮುಟ್ಟಿದಾಗ ನಡು ಹಗಲು. ಅಪ್ಪ ಗುಂಡಿಯಿಂದಲೇ, "ಬನ್ನಿ ಬೀಗತಿ, ಈ ಅಂಚೊಂದು ಮುಗಿಸಿ ಎದ್ದೆ," ಅಂದರು. ಬೋಗುಣಿ ಹಿಡಿದು ಬಂದ ಅಮ್ಮ ಬಾಗಿಲಲ್ಲೇ ನಾಚಿ ನಿಂತಳು.

"ನಿಮಗೆ ಎಲೆ ಹಾಕ್ತೀನಿ, ಬನ್ನಿ."

"ಮೊದಲು ಅವರದಾಗಲಿ," ಅಂದು ಅತ್ತೆ ಕಂಬಕ್ಕೆ ಒರಗಿ ಕೂತರು.

ನನ್ನ ಕೈ ಆಗಲೇ ಹಳೆಯ ರಾಟೆ ಹಿಡಿದಿತ್ತು. ಅಪ್ಪನಿಗೊಂದು ತುತ್ತು, ತಮ್ಮನಿಗೊಂದು, ನನಗೊಂದು. ಅತ್ತೆಯ ಕಣ್ಣು ಒಂದೊಂದು ತುತ್ತಿನ ಹಿಂದೆಯೂ ಓಡುತ್ತಿತ್ತು. ಬೋಗುಣಿ ಟಪ್ಪೆಂದು ಬೋರಲಾಯಿತು. ಮೂರು ಬಾಯಿಯೂ ಒಟ್ಟಿಗೆ ಮುಚ್ಚಿಕೊಂಡವು.

"ಹೊಟ್ಟೆ ತುಂಬಿತು ಅಂತ ಇವರು ನಿಮಗೆ ಯಾವಾಗ ಹೇಳ್ತಾರೆ?" ಅತ್ತೆ ಅಮ್ಮನನ್ನು ಕೇಳಿದರು.

"ಅವರು ಯಾಕೆ ಹೇಳ್ಬೇಕು? ಹೊಟ್ಟೆ ಅವರದು, ಅಂದಾಜು ನಂದು. ಬೋಗುಣಿ ಬೋರಲಾದ್ರೆ ತುಂಬಿತು ಅಂತ."

ಅತ್ತೆ ಮೊದಲು ನನ್ನನ್ನು ನೋಡಿದರು, ಆಮೇಲೆ ಬೋಗುಣಿಯನ್ನು. ಬಾಯಿಗೆ ಸೆರಗು ಒತ್ತಿಕೊಂಡರೂ ನಗು ತಡೆಯಲಿಲ್ಲ. "ಅಯ್ಯೋ ಅಮ್ಮಣಿ! ನೀನು ಕೈ ಅಡ್ಡ ಹಿಡೀತೀಯಾ ಅಂತ ನಾನು ಕಾದೆ. ನಾನು ಪಾತ್ರೆ ಬೋರಲು ಹಾಕ್ತೀನಾ ಅಂತ ನೀನು ಕಾದೆ. ಎರಡು ತಿಂಗಳು ನಾನು ಮಜ್ಜಿಗೆ ಕುಡಿದು ಮಲಗಿದ್ದು ಈ ಚಂದಕ್ಕಾ?"

"ಹಂಗಾದ್ರೆ ನನ್ನನ್ನ ಇಲ್ಲೇ ಬಿಟ್ಟು ಹೋಗೋಕೆ ಬಂದಿದ್ದಲ್ಲ ತಾನೇ, ಅತ್ತೆ?"

"ಬಿಟ್ಟು ಹೋಗೋದಾ? ನಿನ್ನ ಹೊಟ್ಟೇಲಿ ಏನು ಕಾಯಿಲೆ ಅಂತ ನಿಮ್ಮಮ್ಮನ್ನ ಕೇಳೋಕೆ ಬಂದೆ. ಇದೇನು ಯಾರ ಕೈಲೋ ಕಾಗದ ಬರೆಸೋ ಮಾತಾ?"

ಅಪ್ಪ ಗುಂಡಿಯಲ್ಲೇ ನಕ್ಕು ನಕ್ಕು ನೂಲು ಹರಿದುಕೊಂಡರು. ನಾನು ಅತ್ತುಬಿಟ್ಟೆ. ಎದೆಯ ಮೇಲಿನ ಬೀಸುಕಲ್ಲು ಇಳಿಸಿದ ಹಾಗಾಗಿತ್ತು. ಅಮ್ಮ ಮಾತ್ರ ಆ ಸಂಜೆ ನನ್ನ ತಲೆ ಬಾಚುತ್ತಾ, "ಸಾಕು ಅನ್ನಬಾರದು ಅಂತ ನಾನೇ ಕಲಿಸಿದೆನಲ್ಲೇ," ಅಂತ ಎರಡು ಸಲ ಅಂದಳು. ಅವಳ ತಪ್ಪೇನೂ ಇರಲಿಲ್ಲ. ಇದ್ದದ್ದನ್ನು ಮೂರು ಬಾಯಿಗೆ ಸಮ ಮಾಡಿ, ತನಗೂ ಒಂದಿಷ್ಟು ಒಲೆಯ ಬಳಿ ಉಳಿಸಿಕೊಳ್ಳಬೇಕಾದವಳು ಮಕ್ಕಳ ಸಾಕು-ಬೇಕು ಕೇಳುತ್ತಾ ಕೂರಲು ಆದೀತೆ?

ಬಾಲ್ಯದಲ್ಲಿ ಕಲಿತದ್ದು ಒಂದು ನಗುವಿಗೆ ಹೋಗುವಂಥದಲ್ಲ. ಈಗಲೂ ಮದುವೆ ಮನೆಯಲ್ಲಿ ಕೂತರೆ ನನ್ನ ಕಣ್ಣು ಬಡಿಸುವವರ ಪಾತ್ರೆಯ ಮೇಲೇ. ಆದರೆ ನನ್ನ ಮಕ್ಕಳು ಮುಖ ತಿರುಗಿಸಿದ ಮೇಲೆ ಇನ್ನೊಂದು ತುತ್ತು ತುರುಕಿದವಳಲ್ಲ ನಾನು.

ಆಡಿ ಕಳೆದು ಅತ್ತೆ ಹೇಳಿದ ದಿನಕ್ಕೇ ಬಂದು ಕರೆದೊಯ್ದರು. ಅಲ್ಲಿ ನನಗಾಗಿ ಒಂದು ಉಪಾಯ ಮಾಡಿದರು. ಎರಡು ಸಲ ಬಡಿಸಿ, ಉಳಿದದ್ದನ್ನು ಬೇರೊಂದು ತಟ್ಟೆಗೆ ಸುರಿದು, ಪಾತ್ರೆಯನ್ನು ನನ್ನೆದುರು ಬೋರಲು ಹಾಕೋರು. ನಾನು ಏಳುತ್ತಿದ್ದೆ. ದೀಪಾವಳಿ ಹೋಗಿ ಪೊಂಗಲ್ ಹತ್ತಿರ ಬಂದ ಒಂದು ಮಧ್ಯಾಹ್ನ ಹುರುಳಿ ಸಾರು. ಅತ್ತೆ ಎರಡನೆಯ ಸಲ ಅನ್ನ ಎತ್ತಿ ತಂದರು. ನನ್ನ ಎಡಗೈ, ನಾನು ಹೇಳದೆಯೇ, ಎಲೆಗೆ ಅಡ್ಡ ಬಂತು. ಹೊಟ್ಟೆ ಮೆತ್ತಗೆ, ಹಿತವಾಗಿ ತುಂಬಿತ್ತು.

ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. "ಅಂತೂ ಹಿಡಿದೆಯಲ್ಲ, ತಾಯಿ!" ಅಂದರು. ಅಲ್ಲೇ ನನ್ನ ಪಕ್ಕಕ್ಕೆ ಒಂದು ಎಲೆ ಎಳೆದುಕೊಂಡು, ಆ ಬಿಸಿ ಅನ್ನವನ್ನು ತಮಗೇ ಬಡಿಸಿಕೊಂಡರು.