ಪ್ರೋಗ್ರಾಮು ಕೆಡಿಸಿದವರಿಗೆ ಖಾರದ ಪೊಟ್ಟಣ

ಕಂಪ್ಯೂಟರಿನ ಮುಂದೆ ಕೂತೊಡನೆ ಅಕ್ಕೋರು ಹಸಿರು ಗಾಜಿನ ಬಳೆಗಳನ್ನು ಮೊಣಕೈವರೆಗೂ ಏರಿಸಿಕೊಳ್ಳುತ್ತಿದ್ದರು, ಥೇಟ್ ಜಗಳಕ್ಕೆ ನಿಂತವರ ಹಾಗೆ. ಎಂಬತ್ತರ ದಶಕದ ಕೊನೆಯಲ್ಲಿ ಶಿಗ್ಗಾಂವದ ನಮ್ಮ ಕಾಲೇಜಿಗೆ ಬಂದ ಒಂದೇ ಒಂದು ಕಂಪ್ಯೂಟರಿಗೆ ಗಣಿತ ಕಲಿಸುವ ಅವರೇ ಯಜಮಾನತಿ. ಸವಣೂರಿನಿಂದ ಬಸ್ಸಿಗೆ ಬರುತ್ತಿದ್ದರು. ಹಿರೇಬೆಂಡಿಗೇರಿಯ ನಾನು ಅವರ ವಿದ್ಯಾರ್ಥಿನಿ. ಆ ಯಂತ್ರ ಕಲಿಯುವ ಹುಚ್ಚು ನನಗೆ ತಲೆಗೇರಿತ್ತು.

ಅಂಕಗಳನ್ನಿಡಲು ಅಕ್ಕೋರು ಒಂದು ಪ್ರೋಗ್ರಾಮು ಬರೆದಿದ್ದರು. ಫೈಲಿಗೆ ಏನು ಹೆಸರಿಡಲಿ ಎಂದು ಅದು ಕೇಳುತ್ತಿತ್ತು. ಏನು ಕೊಟ್ಟರೂ ಒಪ್ಪುತ್ತಿತ್ತು. ರಸಾಯನಶಾಸ್ತ್ರದವರು ಆಗಲೇ ಇಟ್ಟಿದ್ದ ಹೆಸರನ್ನೇ ಭೌತಶಾಸ್ತ್ರದ ಸರ್ ಕೊಟ್ಟರು. ಹಳೆಯ ಅಂಕಗಳೆಲ್ಲ ಅಳಿಸಿಹೋದವು. ಪ್ರಿನ್ಸಿಪಾಲರು ಕೆಂಡವಾದರು, ಕೋಣೆಗೆ ಬೀಗ ಹಾಕಿ ಕಂಪ್ಯೂಟರನ್ನೇ ವಾಪಸು ಕಳಿಸುತ್ತೇನೆಂದರು.

"ತಪ್ಪು ಸರ್‌ದಲ್ರೀ," ಎಂದರು ಅಕ್ಕೋರು. "ಕೊಟ್ಟಿದ್ದೆಲ್ಲಾ ನುಂಗಿದ್ದು ನನ್ನ ಪ್ರೋಗ್ರಾಮು. ಒಂದ್ ತಿಂಗಳ ಕೊಡ್ರಿ, ಸರಿ ಮಾಡ್ತೇನಿ."

ಮರುದಿನವೇ ಪಂದ್ಯ ಸಾರಿದರು: ಎಂಥ ಹೆಸರಾದರೂ ಕೊಡಿ, ಪ್ರೋಗ್ರಾಮು ಕೆಡಿಸಿದವರಿಗೆ ನಮ್ಮ ಕಡೆಯ ಕುರುಕಲು ತಿಂಡಿ, ಸವಣೂರು ಖಾರದ ಪೊಟ್ಟಣ. ಜವಾನರೂ ಸಾಲಿನಲ್ಲಿ ನಿಂತರು. ಚುಕ್ಕಿ, ಗೆರೆ, ಬರೀ ಖಾಲಿ ಜಾಗ, ಏನೇನೋ ಒತ್ತಿ ಖಾರ ಮೆದ್ದರು. ಒಂದೊಂದನ್ನೇ ತಡೆದು ಸಾಕಾದ ಅಕ್ಕೋರು ಕೊನೆಗೆ ಟೇಬಲ್ಲು ಕುಟ್ಟಿದರು: "ಬ್ಯಾಡಾದ್ದರ ಯಾದಿ ಮಾಡಕೋತ ಕುಂತ್ರ ಇದು ಮುಗಿಯೂದಿಲ್ಲ ನೋಡವಾ. ಯಾವುದು ನಡೀತೈತಿ, ಅಷ್ಟ ಹೇಳೂಣು!"

ಅಂದಿನಿಂದ ಅಕ್ಷರ, ಅಂಕಿಗಳಿಗಷ್ಟೇ ಪ್ರವೇಶ. ಹೆಸರು ಎಂಟು ಅಕ್ಷರಕ್ಕಿಂತ ಉದ್ದ ಇರಕೂಡದು, ಇರುವ ಹೆಸರು ಮತ್ತೆ ಬರಕೂಡದು. ಆಗ ನಾನು ಪಿ, ಆರ್, ಎನ್ ಎಂದು ಒತ್ತಿದೆ. ಅದು ಯಂತ್ರ ತನ್ನ ಪ್ರಿಂಟರಿಗೇ ಇಟ್ಟುಕೊಂಡ ಹೆಸರು. ಅಂಕಗಳು ಫೈಲಿಗೆ ಹೋಗದೆ ಕರಕರ ಎಂದು ಕಾಗದದ ಮೇಲೆ ಬಂದವು. "ಭಪ್ಪರೇ ಹುಡುಗಿ!" ಎಂದು ಅಕ್ಕೋರು ಎರಡು ಪೊಟ್ಟಣ ಕೊಟ್ಟರು. ಅಂಥ ಹೆಸರುಗಳಿಗೂ ಬಾಗಿಲು ಮುಚ್ಚಿತು.

ತಿಂಗಳು ತುಂಬಿದ ದಿನ ಪ್ರಿನ್ಸಿಪಾಲರ ಎದುರು ಭೌತಶಾಸ್ತ್ರದ ಸರ್ ಹಟಕ್ಕೆ ಬಿದ್ದು ಪ್ರೋಗ್ರಾಮು ಕೆಡಿಸುವಂಥ ಹೆಸರುಗಳನ್ನೇ ಒತ್ತಿದರು. ಪ್ರತಿ ಸಲವೂ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮೂರ ಮಾತು: "ಈ ಹೆಸರು ನಡಿಯೂದಿಲ್ರಿ, ಬ್ಯಾರೆ ಕೊಡ್ರಿ." ಸರ್ ಕೈಚೆಲ್ಲಿ ನಕ್ಕರು. "ಸೋತೆನ್ರೀ ಅಕ್ಕೋರ!" ಪ್ರಿನ್ಸಿಪಾಲರು ಕೋಣೆಯ ಬೀಗದಕೈಯನ್ನು ಅಕ್ಕೋರ ಕೈಗೇ ಇಟ್ಟರು. ನಾವು ಹೆಂಚು ಹಾರುವಂತೆ ಕೂಗಿದೆವು.

ಅಕ್ಕೋರು ಈಗಿಲ್ಲ. ಆ ಕೋಣೆ ತೆರೆದೇ ಉಳಿದದ್ದರಿಂದ ನಾನು ಕಲಿತೆ, ಕಲಿಸುವವಳಾದೆ. ನಾನುಣ್ಣುವ ಅನ್ನದಲ್ಲಿ ಅವರ ಋಣವಿದೆ. ನನ್ನ ವಿದ್ಯಾರ್ಥಿನಿಯರು ನಾನು ಬರೆದ ಪ್ರೋಗ್ರಾಮನ್ನು ಕೆಡಿಸಿ ಕುಣಿಯುವ ದಿನ ನನಗೆ ಆಗುವಷ್ಟು ಸಂತೋಷ ಆ ಹುಡುಗಿಯರಿಗೂ ಆಗಲಿಕ್ಕಿಲ್ಲ.